ಓಕೆ ಅಂದವರು ಯಾರು

ನೀರು ಕೊಟ್ಟವರ ಹೆಸರು ಕೇಳಬಾರದು. ನೀರು ಕೊಟ್ಟವರು ನಮ್ಮ ಹೆಸರು ಕೇಳಿದರೆ ಸುಳ್ಳು ಹೇಳಬಾರದು. ಸಂತಪುರದ ಕಡೆಯ ಕುರಿಗಾರರಲ್ಲಿ ಇದು ಅಜ್ಜನ ಅಜ್ಜನ ಕಾಲದಿಂದ ನಡೆದು ಬಂದ ಕಟ್ಟಳೆ. ಬೇಸಿಗೆಯಲ್ಲಿ ಹಾದಿಬದಿ ಚಪ್ಪರ ಹಾಕಿ, ಗಡಿಗೆ ಇಟ್ಟು, ಅರವಟ್ಟಿಗೆ ನಡೆಸುವ ಪುಣ್ಯವಂತರು ಯಾವೂರು, ಯಾರ ಪೈಕಿ ಎಂದು ಕೇಳುತ್ತಾರೆ. ಬೊಗಸೆ ಒಡ್ಡಿದವನು ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಮರೆಮಾಚಿದರೆ ಕುಡಿದ ನೀರು ಮೈಗೆ ಹತ್ತುವುದಿಲ್ಲ. ಹಣಮಂತಪ್ಪ ಐವತ್ತೆಂಟು ವರ್ಷದಲ್ಲಿ ಒಂದು ಸಲವೂ ಈ ಕಟ್ಟಳೆ ಮೀರಿದವನಲ್ಲ. ಮೀರಿದ್ದರೆ ಅವತ್ತಿನ ಪಜೀತಿ ತಪ್ಪುತ್ತಿತ್ತು ಎಂದು ಅವನ ತಂಗಿ ಆಮೇಲೆ ಅಂದಳು. ಅದು ಖರೆಯೋ ಅಲ್ಲವೋ ಅವನಿಗೆ ಇನ್ನೂ ತಿಳಿದಿಲ್ಲ.

ಎರಡು ಸಾವಿರದ ಹತ್ತೊಂಬತ್ತರ ಬೇಸಿಗೆ ಅದು. ಮಳೆ ಮೋಡ ತೋರಿಸಿ ಹೋದ ವರ್ಷ. ಔರಾದ ತಾಲೂಕಿನ ಎಷ್ಟೋ ಮನೆಗಳಿಗೆ ಕೀಲಿ ಬಿದ್ದು, ಮಂದಿ ಹೈದರಾಬಾದು, ಪುಣೆ ಎಂದು ದಿಕ್ಕಿಗೊಬ್ಬರಾಗಿದ್ದರು. ಕುರಿ ಇದ್ದವರು ಕುರಿಯ ಹಿಂದೆ ಹೋಗಿದ್ದರು. ಹಣಮಂತಪ್ಪನ ಕುರಿ, ಅವನ ತಂಗಿ ಜನಾಬಾಯಿಯ ಕುರಿ ಕೂಡಿ ಒಂದೇ ಹಿಂಡು, ನೂರಾ ನಾಲ್ವತ್ತು ತಲೆ. ಹಿಂಡು ಈಗ ಭಾಲ್ಕಿ ದಾಟಿ ಒಂದು ಬೋಳುಗುಡ್ಡದ ಮಗ್ಗುಲಲ್ಲಿ ಬೀಡು ಬಿಟ್ಟಿತ್ತು. ಜೊತೆಗೆ ಇದ್ದವರು ಮೂವರು: ಜನಾಬಾಯಿ, ಅವಳ ಗಂಡ ಬಕ್ಕಪ್ಪ, ಸೊಸೆ ಸತ್ಯಮ್ಮ. ಸತ್ಯಮ್ಮನ ಗಂಡ ಪುಣೆಯಲ್ಲಿ ಕಟ್ಟಡದ ಕೆಲಸಕ್ಕಿದ್ದ.

ಹಿಂಡಿಗಿಂತ ಮುಂದೆ ಹೋಗಿ ನೀರು, ಮೇವು ನೋಡಿ ಹೇಳುವುದು ಹಣಮಂತಪ್ಪನ ಕೆಲಸ. ಅವನ ಅಪ್ಪ ಅದನ್ನು ಕಾಲಿನಿಂದ ಮಾಡಿದ್ದ, ಇವನು ಬಸ್ಸು ಮತ್ತು ಫೋನಿನಿಂದ ಮಾಡುತ್ತಿದ್ದ. ಅವನಿಗೆ ಅಕ್ಷರ ಬರುವುದಿಲ್ಲ, ಅಂಕಿ ಬರುತ್ತವೆ. ವಾಟ್ಸಾಪಿನಲ್ಲಿ ಗುಂಡಿ ಒತ್ತಿ ಹಿಡಿದು ಮಾತಾಡಿ ಬೆರಳು ಬಿಟ್ಟರೆ ಮಾತು ಹಾರಿ ಹೋಗುತ್ತದೆ ಎಂಬುದನ್ನು ಪುಣೆಯಲ್ಲಿದ್ದ ಈ ಸೋದರಳಿಯನೇ ಕಲಿಸಿಕೊಟ್ಟಿದ್ದ. ಬೀಡಿನಲ್ಲಿ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ನಡುಮಧ್ಯಾಹ್ನ ಕುರಿ ನೆರಳು ಹಿಡಿದಾಗ ಸತ್ಯಮ್ಮ ಗುಡ್ಡ ಏರಿ, ಬಂದ ಮಾತು ಕೇಳಿ, ತನ್ನ ಮಾತು ಹೇಳಿ ಇಳಿಯುತ್ತಿದ್ದಳು. ದಿನಕ್ಕೆ ಒಂದೇ ಸಲ.

ಹಣಮಂತಪ್ಪ ಎರಡು ನೀರು ನೋಡಿದ್ದ. ಒಂದು, ಬೀಡಿಗೆ ಹತ್ತಿರದ ಹಳೆಕೆರೆ. ತಳಕ್ಕೆ ಇಳಿದಿದ್ದರೂ ನೀರಿತ್ತು. ಇನ್ನೊಂದು, ದೂರದ ಸಾಯಗಾಂವದಲ್ಲಿ ಪಂಢರಿ ಎಂಬ ರೈತನ ಕೊಳವೆಬಾವಿ. ಪಂಢರಿ ತನ್ನ ಕಬ್ಬು ಕಡಿದ ಹೊಲದಲ್ಲಿ ಎಂಟು ದಿನ ಕುರಿ ತರುಬಿ ನಿಲ್ಲಿಸಲು ಒಪ್ಪಿದ್ದ. ಹೊಲಕ್ಕೆ ಗೊಬ್ಬರ, ಕುರಿಗೆ ನೀರು. "ಎರಡೂ ಅದಾವ. ನಾಳಿ ನಡುಮಧ್ಯಾಹ್ನಕ್ಕ ಯಾವ್ದು ಅಂತ ಹೇಳ್ತೇನಿ, ಅಲ್ಲೀತನಕ ಹಿಂಡ ಎಬ್ಬಿಸಬ್ಯಾಡ್ರಿ," ಎಂದು ಹಿಂದಿನ ದಿನ ಹೇಳಿ ಕಳಿಸಿದ್ದ. ಮರುದಿನ ಮುಂಜಾನೆ ಕುರಿಗಳ ಜಂತಿನ ಔಷಧಿಗೆಂದು ಬೀದರಿಗೆ ಬಂದ.

ಔಷಧಿ ಅಂಗಡಿಯಲ್ಲಿ ಒಬ್ಬ ಕಟ್ಟೆಗೆ ಕೂತಿದ್ದ. ಕಾಶೀರಾಮ ಎಂದು ಹೆಸರು, ಆಡು ಸಾಕಿದವನು. ಕೈಯಲ್ಲಿ ಬಾಟಲಿ ಹಿಡಿದು ಅದನ್ನೇ ನೋಡುತ್ತಿದ್ದ.

"ಯಾವ ಕಡಿ ಹಿಂಡ ನಿಮ್ದು?" ಎಂದು ಅವನೇ ಕೇಳಿದ.

"ಭಾಲ್ಕಿ ಆಚಿ. ಹಳೆಕೆರಿ ಹತ್ರ."

ಕಾಶೀರಾಮ ತಲೆ ಎತ್ತಿದ. "ಆ ನೀರ ಕುಡಿಸಬ್ಯಾಡ್ರಿ, ಪಾಂಡುರಂಗನ ಆಣಿ. ನಿನ್ನಿ ಮುಂಜಾನಿ ಕುಡಿಸೀನಿ, ಸಂಜಿಗಿ ಐದ ಆಡ ಹೋದವು. ನೊರಿ ಕಾರಿ ಹೋದವು. ಅದ್ರಾಗ ಏನ ಕೂಡ್ಯಾದೋ ದೇವರಿಗೇ ಗೊತ್ತು. ಈ ಔಷಧಿ ಉಳದ ಎರಡಕ್ಕ."

ಹಣಮಂತಪ್ಪ ಔಷಧಿ ಕೊಂಡವನೇ ಬಿರಬಿರನೆ ಹೊರಟ. ಯಾಕೆಂದರೆ ಬಸ್ಸಿನಲ್ಲಿ ಬರುವಾಗ ಅವನು ಹಳೆಕೆರೆಯೇ ಸಾಕು, ಮರಿಗಳು ಸಾಯಗಾಂವದ ತನಕ ನಡೆಯಲಾರವು ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿದ್ದ.

ಬಸ್ ಸ್ಟ್ಯಾಂಡಿಗೆ ಬಂದು ಕಂಬದ ನೆರಳಲ್ಲಿ ಕೂತು ಫೋನು ತೆಗೆದ. ಗುಂಡಿ ಒತ್ತಿ ಹಿಡಿದು, "ಸತ್ಯಮ್ಮಾ, ಹಳೆಕೆರಿ ಕಡಿ ಹೊಳ್ಳಿ ಸುದ್ದಾ ನೋಡಬ್ಯಾಡ್ರಿ, ಸೀದಾ ಸಾಯಗಾಂವಕ್ಕ ಹೊಡೀರಿ," ಎಂದು ಹೇಳಿ ಬೆರಳು ಬಿಟ್ಟ. ಮಾತು ಹಾರಲಿಲ್ಲ. ಪಕ್ಕದಲ್ಲಿ ಗಡಿಯಾರದಂಥ ಒಂದು ಚಿಕ್ಕ ಗುರುತು ನಿಂತುಬಿಟ್ಟಿತು. ಕರೆ ಮಾಡಿದರೆ ಹೆಂಗಸಿನ ದನಿಯೊಂದು, ನಿಮ್ಮ ಪ್ಯಾಕಿನ ಅವಧಿ ಮುಗಿದಿದೆ ಎಂದಿತು.

ಪಕ್ಕದಲ್ಲಿ ಬಿಳಿ ಸೀರೆಯುಟ್ಟ ಹೆಂಗಸೊಬ್ಬಳು ಕೂತಿದ್ದಳು. ಶಾಲುಬಾಯಿ ಅಂತ, ದವಾಖಾನೆಯಲ್ಲಿ ನರ್ಸ್ ಕೆಲಸ ಮಾಡಿ ನಿವೃತ್ತಿಯಾದವಳು. ಔರಾದ ಬಸ್ಸಿಗೆ ಕಾಯುತ್ತಿದ್ದಳು. ಹಣಮಂತಪ್ಪ ಫೋನನ್ನು ಅವಳ ಮುಂದೆ ಹಿಡಿದ. "ಬಾಯಾರ, ಇದ್ರಾಗ ಏನೋ ತೋರಸ್ಲಿಕತ್ತದ, ಸ್ವಲ್ಪ ಓದಿ ಹೇಳ್ರಿ."

ಶಾಲುಬಾಯಿ ಕನ್ನಡಕ ಏರಿಸಿದಳು. "ಇದಾ? ಇಲ್ಲಿ ವೈಫೈ ಅದ ಅಂತ. ಹೆಸರು ಧರ್ಮ ಫ್ರೀ ಅಂತ ಅದ."

"ಧರ್ಮ?"

"ಹೂಂ, ಧರ್ಮ. ನೆಟ್ಟು ಧರ್ಮಕ್ಕ ಕೊಡ್ತಾರಂತ." ಅವಳು ನಕ್ಕಳು. "ಯಾರೋ ಏನೋ. ನಾ ಅಂತೂ ಪ್ರಯಾಣದಾಗ ಇಂಥಾದು ಹಚ್ಚಂಗಿಲ್ರಿ. ನನ ಮಗ ಬೈತಾನ. ಹಚ್ಚೋರಿದ್ರ ಒಂದ ಮಾತ ನೆನಪಿಡ್ರಿ ಅಣ್ಣಾರ, ಅದು ನಿಮ್ಮ ನಂಬರ್ ಕೇಳಿದ್ರ..."

"ಸಂತಪುರ, ಔರಾದ! ಔರಾದ ಯಾರ್ರೀ, ಜಲ್ದಿ!" ಎಂದು ಕಂಡಕ್ಟರ್ ಕೂಗಿದ. ಶಾಲುಬಾಯಿ ಚೀಲ ಎತ್ತಿಕೊಂಡು ಓಡಿದಳು. ಬಸ್ಸಿನ ಮೆಟ್ಟಿಲ ಮೇಲೆ ನಿಂತು ಏನೋ ಕೈಮಾಡಿ ಹೇಳಿದಳು. ಕೊಡಬೇಕು ಅಂದಳೋ, ಕೊಡಬಾರದು ಅಂದಳೋ. ಜನರ ಗದ್ದಲದಲ್ಲಿ ಹಣಮಂತಪ್ಪನಿಗೆ ಕಂಡದ್ದು ಅಲ್ಲಾಡುವ ಕೈ ಮಾತ್ರ.

ಅವನು ಫೋನಿನ ಆ ಸಾಲಿನ ಮೇಲೆ ಬೆರಳಿಟ್ಟ. ಬಿಳಿ ಹಾಳೆಯಂಥದು ತೆರೆಯಿತು. ಮೇಲೆ ಒಂದು ದೀಪದ ಚಿತ್ರ, ಕೆಳಗೆ ಉದ್ದನೆಯ ಖಾಲಿ ಮನೆ. ಕೆಳಗಡೆ ಒತ್ತುವ ಅಂಕಿಗಳು ತಾವಾಗಿ ಮೂಡಿದವು. ನಂಬರ್ ಕೇಳುತ್ತಿದೆ ಎಂದು ತಿಳಿಯಿತು. ಅವನಿಗೆ ಅದರಲ್ಲಿ ವಿಚಿತ್ರ ಅನ್ನಿಸಲಿಲ್ಲ. ಅರವಟ್ಟಿಗೆಯವರು ಯಾವೂರು ಅನ್ನುವುದಿಲ್ಲವೇ? ಧರ್ಮಕ್ಕೆ ಕೊಡುವವರು, ಯಾರಿಗೆ ಕೊಟ್ಟೆವು ಎಂದು ತಿಳಿಯಬೇಡವೇ? ಒಂದೊಂದೇ ಅಂಕಿ ಒತ್ತಿದ. ಟಿಣ್ ಎಂದು ಒಂದು ಮೆಸೇಜು ಬಂತು; ಅದರಲ್ಲಿ ಆರು ಅಂಕಿ, ಸುತ್ತ ಏನೇನೋ ಬರಹ. ಬಿಳಿ ಹಾಳೆಯಲ್ಲಿ ಈಗ ಆರು ಖಾಲಿ ಮನೆ. ಇಲ್ಲಿ ಆರು, ಅಲ್ಲಿ ಆರು. ದೇವರು ಜೋಡಿಸಿಟ್ಟ ಹಾಗಿತ್ತು. ಅಂಕಿ ತುಂಬಿ, "ನಿಮ್ಮ ಮನಿ ಗಡಗಿ ಎಂದೂ ಬತ್ತಬ್ಯಾಡ್ರಿ," ಎಂದು ಕಾಣದ ದಾನಿಗೆ ಕೈ ಮುಗಿದ.

ಹಾಳೆಯ ಮೇಲೆ ಒಂದು ಚಕ್ರ ತಿರುಗಲು ಹತ್ತಿತು. ತಿರುಗಿತು, ತಿರುಗಿತು. ಅರ್ಧ ತಾಸಾಯಿತು. ವಾಟ್ಸಾಪು ತೆರೆದರೆ ಜನಾಬಾಯಿಯ ಮನೆಯವರಿಲ್ಲ, ಪಂಢರಿಯಿಲ್ಲ, ಅಳಿಯನಿಲ್ಲ. ಬರೀ ಇಂಗ್ಲಿಷ್ ಬರಹ, ಮತ್ತೆ ಒಂದು ಖಾಲಿ ಮನೆ. ಮನೆಗೆ ಹೋದಾಗ ಬೇರೆಯವರ ಕೀಲಿ ಬಿದ್ದಿದ್ದರೆ ಹೇಗಿರುತ್ತದೆಯೋ ಹಾಗೆ ಅವನು ಫೋನನ್ನು ತಿರುಗಿಸಿ ಬೆನ್ನು ನೋಡಿದ. ಫೋನು ತನ್ನದೇ.

ಸ್ಟ್ಯಾಂಡಿನ ಎದುರಿಗೆ ಒಂದು ಝೆರಾಕ್ಸು, ರೀಚಾರ್ಜಿನ ಅಂಗಡಿ. ನಡೆಸುವವಳು ಫಕ್ರುನ್ನಿಸಾ, ಐವತ್ತು ದಾಟಿದವಳು. ಒಂದು ಕೈಯಲ್ಲಿ ಹಾಳೆ ತಿರುವುತ್ತ ಇನ್ನೊಂದು ಕೈಯಲ್ಲಿ ಫೋನು ತೆಗೆದುಕೊಂಡಳು. ನೋಡಿದಳು. ಹಾಳೆ ತಿರುವುವುದು ನಿಲ್ಲಿಸಿದಳು.

"ಯಾರಿಗಾರ ಆರ ಅಂಕಿ ಹೇಳೀರೇನ್ರಿ ಕಾಕಾ?"

"ಯಾರಿಗೂ ಇಲ್ಲ ಆಪಾ. ಧರ್ಮದವ್ರು ಕೇಳಿದ್ರು, ಅದಕ್ಕ ತುಂಬೀನಿ."

"ಧರ್ಮದವ್ರು!" ಅವಳು ಹಣೆ ಬಡಿದುಕೊಂಡಳು. "ಅಲ್ಲಾ! ಆ ಅಂಕಿ ವೈಫೈದಲ್ರಿ, ನಿಮ್ಮ ವಾಟ್ಸಾಪಿನ ಕೀಲಿಕೈ. ಆ ಮೆಸೇಜಿನಾಗ ಯಾರಿಗೂ ಹೇಳಬ್ಯಾಡ ಅಂತ ಬರದಾರ ನೋಡ್ರಿ."

"ಬರದಾರಂತೀರಿ. ನಂಗ ಬರಹ ಎಲ್ಲಿ ಬರ್ತದ?"

ಫಕ್ರುನ್ನಿಸಾ ಒಂದು ಸ್ಟೂಲನ್ನು ಅವನ ಕಡೆ ಸರಿಸಿದಳು. ಆಮೇಲೆ ದನಿ ಇಳಿಸಿ ಹೇಳಿದಳು, "ತಪ್ಪ ನಿಮ್ದಲ್ಲ ಬಿಡ್ರಿ. ಯಾವನೋ ಇಲ್ಲೇ ಎಲ್ಲೋ ಕುಂತು ಈ ಹೆಸರು ಹಚ್ಚ್ಯಾನ. ಹೆಸರು ಯಾರ ಬೇಕಾದ್ರೂ ಹಚ್ಚಬಹುದು, ಧರ್ಮ ಅಂತ ಹಚ್ಚಿದ್ರ ಧರ್ಮ ಆಗ್ತದೇನು? ನಿಮ್ಮ ಕುರಿ ಕಿವಿಗಿ ಖೂನ ಕೊಯ್ತೀರಿ, ಹೌದಲ್ಲ? ನಮ್ಮ ಕುರಿ ಅಂತ ಗುರುತಿಗಿ?"

"ಹೌದು."

"ಅದೇ ಖೂನ ನೀವು ಕಳ್ಳಗ ತೋರಿಸಿ, ಚಾಕೂನೂ ಕೈಯಾಗ ಕೊಟ್ಟಂಗಾತು. ಈಗ ಅವ್ನ ಕಡಿ ಇರೋ ಕುರಿಗೂ ನಿಮ್ದೇ ಖೂನ."

ಹಣಮಂತಪ್ಪನಿಗೆ ಕುರಿಯ ಮಾತು ತಿಳಿಯಿತು, ಫೋನಿನ ಮಾತು ತಿಳಿಯಲಿಲ್ಲ. "ಅಂದ್ರ ನನ ಫೋನ್ ಕಳುವಾಗ್ಯಾದ?"

"ಫೋನ್ ಇಲ್ಲೇ ಅದ."

"ಮತ್ತ ನಂಬರ್?"

"ನಂಬರೂ ನಿಮ್ದೇ. ಆದ್ರ ವಾಟ್ಸಾಪಿನಾಗ ಈಗ ನೀವು ಅಂದ್ರ ಅಂವ."

ಇದನ್ನು ಕೇಳಿ ಹಣಮಂತಪ್ಪ ಸ್ಟೂಲಿನ ಮೇಲೆ ಕೂತುಬಿಟ್ಟ. ಮೈಲಾರ ಮಲ್ಲಣ್ಣ ಮೈಮೇಲೆ ಬಂದವರನ್ನು ಅವನು ಕಂಡಿದ್ದ. ಅವರು ಆ ಹೊತ್ತಿಗೆ ತಾವಲ್ಲ. ಆದರೆ ದೇವರು ಬಂದದ್ದು ನಾಲ್ಕು ಜನಕ್ಕೆ ಕಾಣುತ್ತದೆ, ಭಂಡಾರ ಹಾರುತ್ತದೆ, ಡೊಳ್ಳು ಬಡಿಯುತ್ತದೆ. ಇದು ಯಾವ ಸದ್ದೂ ಇಲ್ಲದೆ, ಕಂಬದ ನೆರಳಲ್ಲಿ ಕೂತಿದ್ದಾಗಲೇ, ಒಬ್ಬ ಇವನಾಗಿಬಿಟ್ಟಿದ್ದ.

"ಅದು ಇರ್ಲಿ ಆಪಾ," ಎಂದ. "ನನ ಹಿಂಡ ನೀರಿಲ್ದ ನಿಂತದ. ಅವ್ರು ಕೆಟ್ಟ ಕೆರಿಗಿ ಹೋಗಬಾರ್ದು. ಅದೊಂದ ಮುಟ್ಟಿಸ್ರಿ."

ಫಕ್ರುನ್ನಿಸಾ ಮಾಡಬೇಕಾದ್ದನ್ನೆಲ್ಲ ಮಾಡಿದಳು. ಖಾತೆ ಮರಳಿ ತೆಗೆಯಲು ನೋಡಿದಳು. ಹನ್ನೆರಡು ತಾಸು ಬಿಟ್ಟು ನೋಡಿ ಎಂದು ಅದು ಮುಖ ತಿರುಗಿಸಿತು. ಪ್ಯಾಕು ಹಾಕಿದಳು. ಸತ್ಯಮ್ಮನಿಗೆ ಕರೆ ಹಚ್ಚಿದಳು, ವ್ಯಾಪ್ತಿಯ ಹೊರಗೆ. ಕಡೆಗೆ ತನ್ನ ಫೋನಿನಲ್ಲೇ ಸತ್ಯಮ್ಮನ ನಂಬರ್ ಹಾಕಿ, ಗುಂಡಿ ಒತ್ತಿ ಹಣಮಂತಪ್ಪನ ಬಾಯಿಯ ಹತ್ತಿರ ಹಿಡಿದಳು. ಅವನು ಅದೇ ಮಾತು ಮತ್ತೆ ಹೇಳಿದ. ಹಳೆಕೆರೆ ಬೇಡ, ಸಾಯಗಾಂವ. ಮೂರು ಸಲ ಹೇಳಿದ.

"ಮತ್ತ ಕಾಕಾ, ಈ ಸುಡುಗಾಡ ಹೆಸರ ಮ್ಯಾಲ ಒತ್ತಿ ಮರೆತುಬಿಡು ಅಂತ ಹೇಳ್ತೇನಿ. ಇಲ್ಲಾಂದ್ರ ಇದು ನಿಮ್ಮ ಫೋನಿಗಿ ತಾನೇ ಹತ್ಕೊಂಡ್ ಕೂಡ್ತದ. ಮುಂದ ಎಲ್ಲೇ ಹೋಗ್ರಿ, ವೈಫೈ ಹಚ್ಚೋ ಮುಂಚಿ ಆ ಜಾಗದವ್ರನ್ನ ಕೇಳ್ರಿ, ಇದು ನಿಮ್ದೇ ಏನು ಅಂತ. ಹಚ್ಚಿದ್ರೂ ಅಂಕಿ ಕೇಳಿದ್ರ ಬಂದ್ ಮಾಡ್ರಿ. ಸುಮ್ನ ಧರ್ಮ ಅಂತ ಕೈ ಮುಗೀಬ್ಯಾಡ್ರಿ."

"ಒತ್ತಿದ್ರ ಮರೀತದ?" ಹಣಮಂತಪ್ಪನಿಗೆ ಅದು ದೊಡ್ಡ ಮಾತಾಗಿ ಕಂಡಿತು. ಮನುಷ್ಯನಿಗೆ ಅಂಥ ಗುಂಡಿ ಯಾಕಿಲ್ಲ ಎಂದುಕೊಂಡ.

ನಡುವೆ ಯಾರೋ ಆಧಾರ್ ಝೆರಾಕ್ಸಿಗೆ ಬಂದರು, ಯಾರೋ ಫೋಟೊಕ್ಕೆ ಬಂದರು. ಗಿರಾಕಿ ಕಳಿಸಿ ಫಕ್ರುನ್ನಿಸಾ ಫೋನು ನೋಡಿ, "ಬಂದದ, ಬಂದದ! ಎರಡ ಗೀಟ ಬಿದ್ದಾವ!" ಎಂದಳು. ಆಮೇಲೆ ಹುಬ್ಬು ಗಂಟಿಕ್ಕಿ, "ಮುಟ್ಯಾದ ಖರೆ, ಕೇಳಿಲ್ಲ," ಎಂದಳು.

"ಮುಟ್ಟಿದ್ ಮ್ಯಾಲ ಕೇಳಲ್ದ ಹ್ಯಾಂಗ ಇರ್ತಾಳ?"

"ಅದನ್ನ ನಾ ಹ್ಯಾಂಗ ಹೇಳ್ಲಿ ಕಾಕಾ? ತೆರದಿಲ್ಲ, ಅಷ್ಟೇ." ಮತ್ತೆ ಕರೆ ಹಚ್ಚಿದರೆ ವ್ಯಾಪ್ತಿಯ ಹೊರಗೆ. ಸತ್ಯಮ್ಮ ಗುಡ್ಡ ಇಳಿದುಬಿಟ್ಟಿದ್ದಳು.

ಹಣಮಂತಪ್ಪ ಭಾಲ್ಕಿ ಬಸ್ಸು ಹತ್ತಿದ. ಬಸ್ಸು ನೌಬಾದ ದಾಟುವಾಗ ಪಂಢರಿಗೆ ಕರೆ ಮಾಡಿದ. ಪಂಢರಿ ಅದೃಷ್ಟಕ್ಕೆ ಭಾಲ್ಕಿ ಪೇಟೆಯಲ್ಲೇ ಇದ್ದ, ಮೋಟಾರ್ ಸೈಕಲ್ ಗಾಡಿಯೂ ಇತ್ತು.

"ನೀನೇ ಹೋಗಿ ಹೇಳಪಾ, ಬೋಳಗುಡ್ಡದ ಹತ್ರ ಅದಾರ."

"ನಾ ಹೋದ್ರ ನಂಬ್ತಾರೇನು ಹಣಮಂತಣ್ಣಾ? ನಿಮ್ಮ ತಂಗಿ ನನ ಮಾರಿ ನೋಡಿಲ್ಲ. ಕುರಿ ಹೊಡ್ಕೊಂಡ್ ಹೋಗ್ಲಿಕ್ಕ ಬಂದಾನ ಅಂತ ಕೊಡ್ಲಿ ಎತ್ತಿದ್ರ? ನೀ ಬಾ, ಸ್ಟ್ಯಾಂಡಿನಾಗ ನಿಂದರ್ತೇನಿ. ಮತ್ತ ಒಂದ್ ಮಾತ, ಈಗ ಮಾತಾಡ್ಲಿಕತ್ತೋನು ನೀನೇ ಹೌದಲ್ಲ?"

"ಯಾಕ ಹಂಗ ಕೇಳ್ತಿ?"

"ಹನ್ನೊಂದಕ್ಕ ನಿನ ವಾಟ್ಸಾಪಿಂದ ನಂಗೊಂದು ಮೆಸೇಜ್ ಬಂತು. ಹಿಂದಿಯೊಳಗ. ಒಂದು ಕೋಡ್ ಬಂದದ, ಜಲ್ದಿ ಕಳಿಸು ಅಂತ. ನಮ್ಮ ಹಣಮಂತಣ್ಣ ಯಾವಾಗ ಹಿಂದಿ ಬರಿಲಿಕ್ಕ ಕಲ್ತ ಅಂತ ನಕ್ಕ ಬಿಟ್ಟೀನಿ."

ಬಸ್ಸಿನ ಕಿಟಕಿಯ ಹೊರಗೆ ಬಿರಿದ ಕರಿಭೂಮಿ ಓಡುತ್ತಿತ್ತು. ಹಣಮಂತಪ್ಪ ಔಷಧಿಯ ಚೀಲವನ್ನು ಮಡಿಲಲ್ಲಿ ಹಿಡಿದು ಲೆಕ್ಕಕ್ಕೆ ಸಿಗದ ಒಂದು ವಿಚಾರದಲ್ಲಿ ಬಿದ್ದ. ತಾನು ಈ ಬಸ್ಸಿನಲ್ಲಿದ್ದಾನೆ. ಇನ್ನೊಬ್ಬ ತಾನು ಎಲ್ಲೋ ಕೂತು ಹಿಂದಿಯಲ್ಲಿ ಮಾತಾಡುತ್ತಿದ್ದಾನೆ. ಆ ತಾನು ಸತ್ಯಮ್ಮನಿಗೆ ಏನು ಹೇಳಿರಬಹುದು? ಅವನಿಗೆ ಕುರಿಯ ಸುದ್ದಿಯೇ ಗೊತ್ತಿಲ್ಲ. ಗೊತ್ತಿಲ್ಲದವನು ಏನು ಹೇಳಿಯಾನು? ಹಾಗೆ ಅಂದುಕೊಂಡು ತುಸು ಸಮಾಧಾನ ಮಾಡಿಕೊಂಡ.

ಭಾಲ್ಕಿಯಲ್ಲಿ ಇಳಿದು, ಪಂಢರಿಯ ಗಾಡಿ ಹತ್ತಿ ಬೀಡಿಗೆ ಮುಟ್ಟಿದಾಗ ಮೂರೂವರೆ. ಬೇವಿನ ಕೆಳಗೆ ಬಕ್ಕಪ್ಪ ಒಬ್ಬನೇ ಕೂತಿದ್ದ, ಸುತ್ತ ಹತ್ತಾರು ಎಳೆಮರಿ. ಹಿಂಡಿಲ್ಲ. ಬಕ್ಕಪ್ಪ ಇವನನ್ನು ಕಂಡವನೇ ಎದ್ದು ನಿಂತು ಕಣ್ಣು ಕಿರಿದು ಮಾಡಿ ನೋಡಿದ.

"ಭಾವಾ, ನಿಂಗ ಆರಾಮ ಅದ?"

"ನಂಗೇನಾಗ್ಯಾದ? ಹಿಂಡೆಲ್ಲಿ?"

"ನಿಂಗ ದನಿ ಹೋಗ್ಯಾದ ಅಂತ ಮಾಡಿದ್ವಿ. ಯಾರ ಕಡಿಂದನೋ ಬರಸಿ ಕಳಿಸೀದಿ, ಮಾತಾಡ್ಲಿಲ್ಲ. ಜನಾಬಾಯಿ ಅತ್ತಾಳ, ಅಣ್ಣಗ ಬಾಯಿ ಬಿದ್ದದ ಅಂತ."

"ಬಕ್ಕಪ್ಪಾ, ಹಿಂಡೆಲ್ಲಿ?"

"ಈಗಷ್ಟೇ ಹಳೆಕೆರಿಗಿ ಹೊಡ್ಕೊಂಡ್ ಹೋದ್ರು. ನೀನೇ ಹೇಳೀದಲ್ಲ?"

"ನಾ ಹೇಳಿಲ್ಲ!"

"ಹೇಳೀದಿ ಭಾವಾ," ಎಂದು ಬಕ್ಕಪ್ಪ ಮಕ್ಕಳಿಗೆ ತಿಳಿಹೇಳುವಂತೆ ಹೇಳಿದ. "ಸತ್ಯಮ್ಮ ಕೇಳ್ಯಾಳ, ಮಾಮಾ, ಕುರಿ ನಾಲಿಗಿ ಹೊರಗ ಹಾಕ್ಯಾವ, ಹಳೆಕೆರಿ ಹತ್ರ ಆಗ್ತದ, ಹೋಗ್ಲೇನ್ರಿ ಅಂತ. ನೀ ಓಕೆ ಅಂದಿ. ಓಕೆ ಅನ್ನೋ ಎರಡ ಅಕ್ಷರ ಅವಳಿಗಿ ಗೊತ್ತದ. ಪುಣೆಯಿಂದ ದಿನಾ ಗಂಡ ಅದನ್ನೇ ಕಳಸ್ತಾನ."

ಹಣಮಂತಪ್ಪ ಗಾಡಿ ಹತ್ತಿದ. ಪಂಢರಿ ಗಾಡಿ ಹೊಡೆದ. ಹೊಲದ ಬದು, ಹಳ್ಳದ ಉಸುಕು, ಜಾಲಿ ಮುಳ್ಳು ಯಾವುದನ್ನೂ ನೋಡದೆ ಹೊಡೆದ. "ಓಕೆ ಅಂದಾನ, ಸೂಳಿಮಗ, ಓಕೆ ಅಂದಾನ," ಎಂದು ಬೈಯುತ್ತಲೇ ಇದ್ದ. ಹಿಂದೆ ಕೂತ ಹಣಮಂತಪ್ಪ ಬೈಯಲಿಲ್ಲ. ಆ ಮನುಷ್ಯನಿಗೆ ಕನ್ನಡ ತಿಳಿದಿರಲಿಕ್ಕಿಲ್ಲ. ಹೆಣ್ಣುಮಗಳೊಬ್ಬಳು ಏನೋ ಕೇಳಿದಳು, ಮಾತು ಮುಗಿಯಲಿ, ತನ್ನ ಕೆಲಸ ಆಗಲಿ ಎಂದು ಎರಡು ಅಕ್ಷರ ಒತ್ತಿರಬೇಕು. ಕುರಿ, ಕೆರೆ, ಬಾಯಾರಿಕೆ ಯಾವುದೂ ಅವನ ಕಣ್ಣಮುಂದೆ ಇರಲಿಲ್ಲ. ಅಷ್ಟು ಹಗುರಾದ ಮಾತು ಇಷ್ಟು ಭಾರ ಎತ್ತುತ್ತದೆಯೇ?

ಕೆರೆಯ ಏರಿ ಹತ್ತಿದಾಗ ಕೆಳಗೆ ಹಿಂಡು ಕಂಡಿತು. ನೀರಿನ ವಾಸನೆ ಹಿಡಿದು ಕುರಿಗಳು ನುಗ್ಗುತ್ತಿದ್ದವು, ಧೂಳು ಎದ್ದಿತ್ತು. ಜನಾಬಾಯಿ ಮತ್ತು ಸತ್ಯಮ್ಮ ಹಿಂದೆ ಬರುತ್ತಿದ್ದರು. ತಳದಲ್ಲಿ ನೀರು ಹಸಿರು ಗಾಜಿನಂತೆ ಹೊಳೆಯುತ್ತಿತ್ತು. ಓಡಿ ಮುಟ್ಟುವಷ್ಟು ಹೊತ್ತಿರಲಿಲ್ಲ.

ಹಣಮಂತಪ್ಪ ಏರಿಯ ಮೇಲೆ ನಿಂತು ಎರಡೂ ಕೈ ಬಾಯಿಗೆ ಹಿಡಿದು ಕೂಗಿದ. "ಹುರ್ರ್ರ್ ಹೋ! ಹೋ ಹೋ ಹೋ!" ಹಿಂಡು ಮುಳ್ಳಿನ ಹಟ್ಟಿಯಿಂದ ಹೊರಡುವಾಗ, ತೋಳ ಸುಳಿದಾಗ, ಸಂಜೆ ಮರಳುವಾಗ ಕೂಗುವ ಕೂಗು. ಮುಂದಿದ್ದ ಟಗರು ಕಾಲು ಊರಿ ನಿಂತಿತು. ಅದರ ಹಿಂದಿನವು ಅದಕ್ಕೆ ಡಿಕ್ಕಿ ಹೊಡೆದು ನಿಂತವು. ಅವನು ಮತ್ತೆ ಕೂಗಿದ. ನೂರಕ್ಕೂ ಮಿಕ್ಕಿ ತಲೆಗಳು ಏರಿಯ ಕಡೆ ತಿರುಗಿದವು. ಬಾಯಾರಿದ ಕುರಿ ನೀರಿಗೆ ಬೆನ್ನು ಮಾಡುವುದನ್ನು ಪಂಢರಿ ಹುಟ್ಟಿದಾಗಿನಿಂದ ನೋಡಿರಲಿಲ್ಲ. ಅವನು ಗಾಡಿಯ ಮೇಲೆ ಕೂತಲ್ಲೇ ಕೈ ಮುಗಿದ.

ಮೂರು ಕುರಿ ನಿಲ್ಲಲಿಲ್ಲ. ಅವು ಈ ವರ್ಷ ಭಾಲ್ಕಿ ಸಂತೆಯಲ್ಲಿ ಕೊಂಡು ಹಿಂಡಿಗೆ ಸೇರಿಸಿದವು. ಅವಕ್ಕೆ ಹಣಮಂತಪ್ಪನ ದನಿ ಯಾರದೋ ದನಿ. ಅವು ಸೀದಾ ಹೋಗಿ ನೀರಿಗೆ ಬಾಯಿ ಹಚ್ಚಿದವು. ಸತ್ಯಮ್ಮ ಓಡಿ ಬಡಿಗೆ ಬೀಸಿ ಎಳೆದು ತರುವಷ್ಟರಲ್ಲಿ ಒಂದಷ್ಟು ಕುಡಿದಿದ್ದವು.

ಜನಾಬಾಯಿ ಏರಿ ಹತ್ತಿ ಬಂದಳು. ಅಣ್ಣನ ಬಾಯಿ ಸರಿ ಇದೆ ಎಂದು ಮೊದಲು ಅಳುತ್ತ ನಕ್ಕಳು, ಆಮೇಲೆ ಬೈದಳು. "ನೀನೇ ಹೋಗು ಅಂದಿ, ಈಗ ನೀನೇ ಬ್ಯಾಡ ಅಂತಿ. ಹುಚ್ಚ ಹಿಡದದೇನು ಯಣ್ಣಾ?"

"ಜನಾ, ಹುಟ್ಟಿದಾಗಿಂದ ನನ್ನ ನೋಡೀದಿ. ನನ ಬಾಯಾಗ ಓಕೆ ಅನ್ನೋ ಮಾತ ಎಂದರ ಕೇಳೀದೇನು?"

ಜನಾಬಾಯಿ ಸೊಸೆಯ ಕಡೆ ನೋಡಿದಳು.

ಸತ್ಯಮ್ಮನ ಮುಖ ಇಳಿದಿತ್ತು. ಮಡಿಲಿನಿಂದ ಫೋನು ತೆಗೆದು ಪಂಢರಿಯ ಕೈಗೆ ಕೊಟ್ಟಳು. "ನೋಡ್ರಿ. ಮಾಮಾನ ನಂಬರೇ ಅದ, ಮಾಮಾನ ಫೋಟೊನೇ ಅದ." ಅದೇ ಅಳುದನಿಯಲ್ಲಿ, "ಇನ್ನೊಂದು ಗೊತ್ತಿಲ್ಲದ ನಂಬರಿಂದ ಬಂದಿತ್ತು. ಗುಲಾಬಿ ಹೂವಿನ ಫೋಟೊ ಇತ್ತು. ಗೊತ್ತಿಲ್ಲದ ನಂಬರ್ ತೆಗೀಬ್ಯಾಡ, ಮೋಸ ಇರ್ತದ ಅಂತ ಇವ್ರು ಪುಣೆಯಿಂದ ತಾಕೀತ ಮಾಡ್ಯಾರ. ಅದಕ್ಕ ತೆಗೀಲಿಲ್ಲ," ಎಂದಳು.

ಪಂಢರಿ ಅದನ್ನು ಒತ್ತಿದ. ಕೆರೆಯ ಏರಿಯ ಮೇಲೆ, ಹಣಮಂತಪ್ಪ ಎದುರಿಗೇ ನಿಂತಿರುವಾಗ, ಹಣಮಂತಪ್ಪನ ದನಿ ಬಂತು: ಹಳೆಕೆರಿ ಬ್ಯಾಡ, ಸಾಯಗಾಂವ. ಮೂರು ಸಲ. ಗುರುತಿನ ನಂಬರಿನಲ್ಲಿ ಕಳ್ಳ, ಗುರುತಿಲ್ಲದ ನಂಬರಿನಲ್ಲಿ ತಾನು. ಸತ್ಯಮ್ಮ ಮಾಡಿದ್ದರಲ್ಲಿ ತಪ್ಪು ಹುಡುಕಿದರೂ ಹಣಮಂತಪ್ಪನಿಗೆ ಸಿಗಲಿಲ್ಲ.

"ಓಕೆ ಆದ್ಮ್ಯಾಲ ಇನ್ನೂ ಬರದಾನ," ಎಂದು ಪಂಢರಿ ಓದಿ ಹೇಳಿದ. "ಆರ ಅಂಕಿ ಬಂದದ, ಜಲ್ದಿ ಕಳಿಸು, ಜಲ್ದಿ ಕಳಿಸು ಅಂತ. ನಾಕ ಸಲ. ಕಳಿಸೀದೇನವ್ವಾ?"

"ನಾ ಗುಡ್ಡ ಇಳದ ಬಿಟ್ಟಿದ್ದೆರಿ," ಎಂದಳು ಸತ್ಯಮ್ಮ. "ಹಿಂಡ ಹೊಡ್ಕೊಂಡ್ ಈ ಏರಿ ದಾಟೋವಾಗ ನೆಟ್‌ವರ್ಕ್ ಬಂದ ಮ್ಯಾಲೇ ಅವು ಟಿಣ್ ಟಿಣ್ ಅಂದದ್ದು. ಮಾಮಾನೇ ಏನೋ ಕೇಳ್ಯಾರ, ಕುರಿ ನೀರ ಕುಡೀಲಿ, ಆಮ್ಯಾಲ ಓದೋರಿಗಿ ತೋರಿಸಿ ಕಳಸ್ತೇನಿ ಅಂತಿದ್ದೆ."

ಪಂಢರಿ ಅದನ್ನೆಲ್ಲ ಅಳಿಸಿ ಹಾಕಿ, ಆ ನಂಬರಿನಿಂದ ಏನೇ ಬಂದರೂ ಮುಟ್ಟಬೇಡಿ ಎಂದ. ಹಿಂಡನ್ನು ಬೀಡಿನ ಮಗ್ಗುಲಿಂದ ತಿರುಗಿಸಿ, ಬಕ್ಕಪ್ಪನನ್ನೂ ಮರಿಗಳನ್ನೂ ಕೂಡಿಸಿಕೊಂಡು ಸಾಯಗಾಂವದ ಹಾದಿ ಹಿಡಿದರು. ಪಂಢರಿ ಗಾಡಿಯ ಮೇಲೆ ಮುಂದೆ ಹೋಗಿ, ಕೆಲಸದವರ ಟ್ರಾಲಿಯಲ್ಲಿ ಎರಡು ಡ್ರಮ್ ನೀರು ಹಾದಿಗೇ ಕಳಿಸಿದ. ನಡೆಯಲಾರದ ಮರಿಗಳನ್ನು ಅದೇ ಟ್ರಾಲಿಗೆ ಹಾಕಿದರು. ಹಾದಿಯುದ್ದಕ್ಕೂ ಅಣ್ಣ ತಂಗಿ ಜಗಳವಾಡಿದರು.

"ಮುಂದ ನೀನೇ ಅಂತ ನಾವು ಹ್ಯಾಂಗ ತಿಳೀಬೇಕು?" ಎಂದಳು ಜನಾಬಾಯಿ.

"ನಾ ಮಾತಾಡಿದ್ರ ನಾನು. ಬರದ್ರ ನಾನಲ್ಲ."

"ದನಿನೂ ಕದಿಯೋರು ಹುಟ್ಟಿದ್ರ? ನಾ ಒಂದ ಕೇಳ್ತೇನಿ. ಅವ್ವನ ಉಡಿಯಾಗಿಂದ ಸಣ್ಣವನಿದ್ದಾಗ ಏನ ಕದ್ದಿದ್ದಿ ಅಂತ. ಅದ ನಂಗೂ ನಿಂಗೂ ಬಿಟ್ರ ಯಾರಿಗೂ ಗೊತ್ತಿಲ್ಲ."

"ಅದನ್ನ ಈಗ ಎಲ್ಲಾರ ಮುಂದ ಹೇಳಬ್ಯಾಡ."

"ಹೇಳಂಗಿಲ್ಲ. ಹೇಳಿದ್ರ ಅದೂ ಹೋಯ್ತಲ್ಲ."

ಬಕ್ಕಪ್ಪ ನಕ್ಕ. ಹಣಮಂತಪ್ಪನೂ ನಗಬೇಕೆಂದುಕೊಂಡ, ಆದರೆ ಅವನ ಕಣ್ಣು ಆ ಮೂರು ಕುರಿಗಳ ಮೇಲೆಯೇ ಇತ್ತು.

ಸಾಯಗಾಂವದ ಹೊಲ ಮುಟ್ಟಿದಾಗ ಹೊತ್ತು ಕೆಂಪಾಗಿತ್ತು. ಕೊಳವೆಬಾವಿಯ ನೀರು ತೊಟ್ಟಿಗೆ ಬಿತ್ತು. ಕುರಿ ಸಾಲುಹಿಡಿದು ಕುಡಿದವು, ತಲೆ ಎತ್ತಿದವು, ಮತ್ತೆ ಕುಡಿದವು. ಹಣಮಂತಪ್ಪ ಮೂರನ್ನು ಬೇರೆ ಕಟ್ಟಿ ಹಾಕಿದ. ಬೀದರಿನಿಂದ ತಂದ ಔಷಧಿ ಜಂತಿನದು, ಇದಕ್ಕಲ್ಲ. ಈಗ ಕೊಟ್ಟರೆ ಒಗ್ಗುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಜನಾಬಾಯಿ ಇದ್ದಲು ಅರೆದು ಮಜ್ಜಿಗೆಯಲ್ಲಿ ಕಲಸಿ ಕೊಟ್ಟಳು, ಅವನು ಬಿದಿರಿನ ಗೊಟ್ಟದಿಂದ ಅವುಗಳ ಬಾಯಿಗೆ ಹೊಯ್ದ. ಬಾಯಲ್ಲಿ ಮಲ್ಲಣ್ಣನ ಹೆಸರು ನಡೆದೇ ಇತ್ತು. ನಡುವೆ ಒಮ್ಮೆ ಆ ಕಾಣದ ಮನುಷ್ಯನೂ ನೆನಪಿಗೆ ಬಂದ. ಅವನಿಗೆ ಶಾಪ ಹಾಕಬೇಕೋ, ಅವನು ಎಲ್ಲಿಯಾದರೂ ಎಂದಾದರೂ ಬಾಯಾರಿದಾಗ ಒಳ್ಳೆಯ ನೀರು ಸಿಗಲಿ ಎಂದು ಬೇಡಬೇಕೋ, ಯಾವುದು ಸರಿ ಎಂದು ತಿಳಿಯದೆ ಎರಡನ್ನೂ ಬಿಟ್ಟ.

ಮೊದಲನೆಯ ಕುರಿ ಕಾಲು ಮಡಿಚಿ ಕೂತು ಮೆಲುಕು ಹಾಕಲು ಸುರು ಮಾಡಿತು; ಮೆಲುಕು ಹಾಕುವ ಕುರಿಗೆ ಭಯವಿಲ್ಲ. ಸ್ವಲ್ಪ ಹೊತ್ತಿಗೆ ಎರಡನೆಯದರ ದವಡೆಯೂ ಆಡಿತು. ಹಣಮಂತಪ್ಪ ಮೂರನೆಯದರ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಅದರ ಗಂಟಲ ಮೇಲೆ ಕೈ ಇಟ್ಟು, ಮೆಲ್ಲಗೆ ಹುರ್ರ್ ಎಂದ. ಕುರಿ ಅವನನ್ನೇ ನೋಡಿತು. ಇವನು ಯಾರು ಎಂದು ಅದು ಇನ್ನೂ ವಿಚಾರ ಮಾಡುತ್ತಿದ್ದಂತಿತ್ತು.